ಚಿಗವ್ವನ ಅಡುಗೆಮನೆ ಕೆಳಗಿನ ಹಗೇವು

ಲಕ್ಕುಂಡಿಯಲ್ಲಿ ಬಂಗಾರ ಸಿಕ್ಕಿತು ಅಂತ ಟಿವಿಯಲ್ಲಿ ಬಂದ ದಿನ ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ನಾನಿರುವುದು ಹುಬ್ಬಳ್ಳಿಯಲ್ಲಿ. ಆದರೆ ನಮ್ಮ ಕಾಕಾನ ಮನೆ ಲಕ್ಕುಂಡಿಯಲ್ಲಿದೆ ಅನ್ನೋದು ಆಫೀಸಿನವರಿಗೆಲ್ಲ ಗೊತ್ತು. 'ನಿಮ್ಮ ಕಾಕಾನೂ ಹೊಸ ಮನಿ ಕಟ್ಟಿಸಿದ್ರಲ್ಲ, ಪಾಯಾ ತಗಿಯೋ ಮುಂದ ಏನೂ ಸಿಗಲಿಲ್ಲೇನ್ರಿ?' ಎಲ್ಲರದ್ದೂ ಇದೇ ಪ್ರಶ್ನೆ. ಏನೂ ಇಲ್ಲ ಬಿಡ್ರಿ ಅಂತ ನಕ್ಕುಬಿಟ್ಟೆ.

ಸುಳ್ಳು. ಸಿಕ್ಕಿತ್ತು. ಬಂಗಾರ ಅಲ್ಲ, ಅಷ್ಟೇ.

ಬಂಗಾರದ ಸುದ್ದಿ ನಿಮಗೆ ಗೊತ್ತೇ ಇದೆ. 2026ರ ಜನವರಿಯಲ್ಲಿ ಒಂದು ಮನೆಯ ಪಾಯ ತೆಗೆಯುವಾಗ ತಂಬಿಗೆಯಲ್ಲಿ ಸುಮಾರು 466 ಗ್ರಾಂ ಒಡವೆ ಸಿಕ್ಕವು. ಆ ಮನೆಯವರು ಮುಚ್ಚಿಡದೆ ಸರ್ಕಾರಕ್ಕೆ ಒಪ್ಪಿಸಿದರು. ದೊಡ್ಡ ಮನಸ್ಸು. ನಮ್ಮ ಮನೆಯಲ್ಲಿ ಆಗಿದ್ದು ಇದರ ತದ್ವಿರುದ್ಧ, ಅದಕ್ಕೇ ಇಷ್ಟು ದಿನ ಬರೆಯಲು ಮನಸ್ಸು ಬಂದಿರಲಿಲ್ಲ. ಮೊನ್ನೆ ಊರಿಗೆ ಹೋದಾಗ ಕಾಕಾನೇ 'ಬರಿಯೋ, ಏನ್ ಆಗ್ತದ, ನನ್ನ ಹೆಸರು ಹಾಕಬ್ಯಾಡ' ಅಂದ. ಹಾಕಿಲ್ಲ ಕಾಕಾ.

ಲಕ್ಕುಂಡಿ ನೋಡದವರಿಗೆ ಎರಡು ಮಾತು. ಗದಗಿನಿಂದ ಹೊಸಪೇಟೆ ರಸ್ತೆಯಲ್ಲಿ ಹನ್ನೆರಡು ಕಿಲೋಮೀಟರ್. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇತ್ತು, ಇಲ್ಲಿಯ ಚಿನ್ನದ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಅಂತಲೇ ಹೆಸರು. ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಹೊಯ್ಸಳರ ಇಮ್ಮಡಿ ಬಲ್ಲಾಳ 1192ರ ಹೊತ್ತಿಗೆ ಇಲ್ಲೇ ಬೀಡುಬಿಟ್ಟಿದ್ದ. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅಂತ ಊರವರ ಮಾತು. ನಾನು ಎಣಿಸಿಲ್ಲ, ಆದರೆ ಬೇಸಿಗೆ ರಜೆಯಲ್ಲಿ ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣು ತಿಂದು ಬೈಸಿಕೊಂಡಿದ್ದೇನೆ.

ಇಂಥ ಊರಿನಲ್ಲಿ ಮನೆ ಕಟ್ಟುವುದು ಅಂದರೆ ಏನು ಅಂತ ಕಟ್ಟಿದವರಿಗೇ ಗೊತ್ತು.

ಕಾಕಾನ ಹಳೇ ಮನೆ ಮಣ್ಣಿನ ಮಾಳಿಗೆ ಮನೆ. ಮೂರು ವರ್ಷದ ಹಿಂದಿನ ಮಳೆಗೆ ಪಡಸಾಲೆ ಗೋಡೆ ಕುಸಿಯಿತು. ಪುಣ್ಯಕ್ಕೆ ಆಗ ಎಲ್ಲರೂ ಹಿತ್ತಲಲ್ಲಿದ್ದರು. ಹೊಸದು ಕಟ್ಟಬೇಕು ಅಂದಾಗ ಮೊದಲ ತೊಡಕು ಅಳತೆಯದು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತಲ್ಲ, ಆ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗೇ ಇಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ತಗೊಂಡು ಕಟ್ಟಬೇಕು. ಹೆದ್ದಾರಿ ಬದಿಯಲ್ಲಿ ಒಂದೇ ಗುಡಿ ಇರುವ ಊರಿಗೆ ಈ ಲೆಕ್ಕ ಸರಿ. ಲಕ್ಕುಂಡಿಯಂಥ ಊರಲ್ಲಿ ಪ್ರತಿ ಗುಡಿ, ಪ್ರತಿ ಬಾವಿ ಸುತ್ತ ಒಂದೊಂದು ವೃತ್ತ ಎಳೆದು ನೋಡಿ. ಒಂದರ ಮೇಲೊಂದು ಬಿದ್ದು ವೃತ್ತದ ಹೊರಗೆ ಉಳಿಯುವ ಜಾಗ ಹುಡುಕಬೇಕಾಗುತ್ತದೆ. ಕಾಕಾನ ಮನೆ ಎರಡನೇ ವೃತ್ತದಲ್ಲಿತ್ತು. ಅರ್ಜಿ, ನಕ್ಷೆ, ಫೋಟೋ, ಮತ್ತೆ ನಕ್ಷೆ. ಅನುಮತಿ ಕೈಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಕಾಕಾ, ಚಿಗವ್ವ, ಇಬ್ಬರು ಮಕ್ಕಳು ಗದಗಿನಲ್ಲಿ ಬಾಡಿಗೆ ಮನೆಯಲ್ಲಿ. ಕಾಕಾ ದಿನಾ ಬೆಳಗ್ಗೆ ಬಸ್ಸಿನಲ್ಲಿ ಹೊಲಕ್ಕೆ ಬಂದು ಸಂಜೆ ವಾಪಸ್ ಹೋಗುತ್ತಿದ್ದ.

ಈ ಹನ್ನೊಂದು ತಿಂಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಆಗಿದ್ದು ಅದರಿಂದಲೇ.

ನಮ್ಮ ಕಡೆ ಪಾಯ ಯಾಕೆ ಅಷ್ಟು ಆಳ ತೆಗೆಯುತ್ತಾರೆ ಅಂತ ಬೆಂಗಳೂರಿನವರು ಕೇಳುತ್ತಾರೆ. ಎರಿ ಮಣ್ಣು ಸ್ವಾಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಾಗೇ ಗೋಡೆ ಕಟ್ಟಿದರೆ ಎರಡು ವರ್ಷದಲ್ಲಿ ಗೋಡೆಯೂ ಬಿರುಕು. ಅದಕ್ಕೆ ಐದಾರು ಅಡಿ ಇಳಿದು, ಎರಿ ತೆಗೆದು, ಗರಸು ತುಂಬಿ, ನೀರು ಹೊಡೆದು ಬಡಿದು, ಆಮೇಲೆ ಕಲ್ಲು. ಆದರೆ ಇಂಥ ಹಳೇ ಊರಲ್ಲಿ ಆ ಐದಾರು ಅಡಿಯೇ ಇತಿಹಾಸ. ಬಿದ್ದ ಮನೆ ಮೇಲೆ ಮನೆ, ಅದರ ಮೇಲೆ ಮನೆ. ಗುಡಿ ಉಳಿಸಲು ಸುತ್ತ ವೃತ್ತ ಎಳೆದಿದ್ದೇವೆ, ಆ ಗುಡಿಗೆ ಕೈ ಮುಗಿದ ಜನ ಬದುಕಿದ್ದ ಜಾಗವನ್ನು ಮಾತ್ರ ಜೆಸಿಬಿ ಬಕೆಟ್ಟಿನಲ್ಲಿ ಎತ್ತಿ ಟ್ರ್ಯಾಕ್ಟರಿಗೆ ಸುರಿಯುತ್ತೇವೆ.

ಅವತ್ತು ನಾನೂ ಇದ್ದೆ. ಮಧ್ಯಾಹ್ನ ಮೂರರ ಸುಮಾರು, ಅಡುಗೆಮನೆ ಬರುವ ಮೂಲೆಯಲ್ಲಿ ಬಕೆಟ್ ಇಳಿಯಿತು, ಮಣ್ಣು ಒಮ್ಮೆಲೆ ದಸಕ್ಕನೆ ಒಳಕ್ಕೆ ಹೋಯಿತು. ಜೆಸಿಬಿ ಹುಡುಗ ಗಾಬರಿಯಾಗಿ ಹಿಂದಕ್ಕೆ ತಗೊಂಡ. ನೋಡಿದರೆ ಹಗೇವು.

ಹಗೇವು ಅಂದರೆ ಜೋಳ ಇಡುವ ನೆಲದೊಳಗಿನ ಕಣಜ. ಗಡಿಗೆ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತ ಹೊಟ್ಟು, ಸೊಪ್ಪೆ ಒತ್ತಿ ಜೋಳ ಸುರಿದು ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಗಾಳಿಗೆ ಸತ್ತವರಿದ್ದಾರೆ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ನಮ್ಮಜ್ಜಿ ಹೇಳಿದ್ದು ಇಷ್ಟು. ಆದರೆ ಈ ಮನೆಯಲ್ಲಿ ಹಗೇವು ಇತ್ತು ಅಂತ ಅಜ್ಜಿಗೂ ಗೊತ್ತಿರಲಿಲ್ಲ. ಅಂದರೆ ಅವರ ಅತ್ತೆಗೂ ಗೊತ್ತಿರಲಿಲ್ಲ. ಅಷ್ಟು ಹಳೇದು.

ಒಳಗೆ ಬಗ್ಗಿ ನೋಡಿದರೆ ಮುಕ್ಕಾಲು ಭಾಗ ಕಸ. ಬೂದಿ, ಮೂಳೆ, ಕೆಂಪು ಗಡಿಗೆ ಚೂರು, ಕಪ್ಪು ಗಡಿಗೆ ಚೂರು, ಬಳಪದ ಕಲ್ಲಿನ ಸಣ್ಣ ಸಣ್ಣ ಚಕ್ಕೆ. ಯಾವುದೋ ಕಾಲದಲ್ಲಿ ಕಾಳು ಇಡುವುದು ಬಿಟ್ಟು ತಿಪ್ಪೆ ಮಾಡಿಕೊಂಡಿದ್ದರು. ನಾನು ಮೊಬೈಲ್ ತೆಗೆದೆ. ಕಾಕಾ ನನ್ನ ಕೈ ಹಿಡಿದ.

'ಫೋಟೋ ಗೀಟೋ ಬ್ಯಾಡ. ಕಲ್ಲು ಸಿಕ್ರ ಮನಿ ಹೋತು. ಮತ್ತೊಂದು ವರ್ಷ ಬಾಡಿಗಿ ಮನ್ಯಾಗ ಇರೂಣೇನು? ಗರಸು ತುಂಬಿ ಮುಚ್ಚಿಬಿಡೂಣು.'

ಗೌಂಡಿಯೂ ಅದಕ್ಕೇ ಹೂಂ ಅಂದ. ಅವನಿಗೆ ಇದೇನು ಹೊಸದಲ್ಲ. 'ಎಲ್ಲಾರ ಮನ್ಯಾಗೂ ಬರ್ತಾವ್ರಿ ಇವು' ಅಂತ ಬೀಡಿ ಹಚ್ಚಿದ. ಎಲ್ಲಾರ ಮನ್ಯಾಗೂ! ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

ನನ್ನ ಗೆಳತಿಯೊಬ್ಬಳು ಧಾರವಾಡದಲ್ಲಿ ಪ್ರಾಚೀನ ಇತಿಹಾಸ ಓದಿ ಒಂದೆರಡು ಉತ್ಖನನದಲ್ಲಿ ಕೆಲಸ ಮಾಡಿದವಳು. ಕಾಕಾನಿಗೆ ಹೇಳದೆ ಅವಳಿಗೆ ಫೋನ್ ಮಾಡಿದೆ. ಮರುದಿನ ಭಾನುವಾರ, ಕೆಲಸ ರಜೆ. ಬೆಳಗ್ಗೆ ಎಂಟಕ್ಕೆ ಬಂದಳು. ಬಂದವಳೇ ಹೇಳಿದ ಮೊದಲ ಮಾತು: 'ನಾನು ಅಗೆಯೋ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಯಾರೂ ಅಗೆಯೋ ಹಾಗಿಲ್ಲ. ಜೆಸಿಬಿ ಆಗಲೇ ಅಗೆದಿದ್ದನ್ನ ನೋಡ್ತೀನಿ, ಬರ್ಕೋತೀನಿ. ನೀವು ಪಂಚಾಯ್ತಿಗೆ ತಿಳಿಸ್ಬೇಕು.' ಕಾಕಾ ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋದ. ಚಿಗವ್ವ ಮಾತ್ರ ಚಹಾ ಕೊಟ್ಟಳು.

ಗೆಳತಿ ಚೀಲದಿಂದ ತೆಗೆದದ್ದು ಒಂದು ಕರಣಿ. ಗೌಂಡಿಗಳ ಕರಣಿಯೇ, ಸ್ವಲ್ಪ ಸಣ್ಣದು. ಪಾಯದ ಗೋಡೆಯ ಮೇಲಿನ ಸಡಿಲ ಮಣ್ಣನ್ನು ಅದರಿಂದ ತೆಳ್ಳಗೆ ಕೆರೆಯುತ್ತ ಹೋದಳು. ಗೌಂಡಿ ರಜೆ ದಿನವೂ ಸುಮ್ನೆ ನೋಡಲು ಬಂದಿದ್ದ. 'ಮೇಡಂ, ಗ್ವಾಡಿ ಇಷ್ಟು ಸಾಪ್ ನಾವೂ ಮಾಡೂದಿಲ್ರಿ' ಅಂದ. ಅರ್ಧ ಗಂಟೆಯಲ್ಲಿ ಅಲ್ಲಿವರೆಗೆ ಬರೀ ಮಣ್ಣು ಅಂತ ಕಂಡದ್ದು ಗೆರೆ ಗೆರೆಯಾಗಿ ಬಿಚ್ಚಿಕೊಂಡಿತು. ಮೇಲೆ ಒಂದು ಅಡಿ ಹಾಳು ಮಣ್ಣು, ಇಟ್ಟಂಗಿ ಚೂರು, ಗುಟ್ಕಾ ಚೀಟು, ಒಂದು ಪೆನ್ನಿನ ಕ್ಯಾಪು. ಅದರ ಕೆಳಗೆ ಯಾವುದೋ ಬಿದ್ದ ಮಾಳಿಗೆಯ ಹಳದಿ ಮಣ್ಣು. ಆಮೇಲೆ ನಾಲ್ಕು ಬೆರಳು ದಪ್ಪ ಬೂದಿ. ಬೂದಿ ಕೆಳಗೆ ತೆಳ್ಳಗೆ ಬಿಳಿ ಗೆರೆ, ಸುಣ್ಣದ ಗಾರೆ ನೆಲ, ಯಾರದೋ ಮನೆಯ ನೆಲ. ಅದರ ಕೆಳಗೆ ಮತ್ತೆ ಗಡಿಗೆ ಚೂರಿನ ಒಂದು ಪದರ. ಕೊನೆಗೆ ಏನೂ ಇಲ್ಲದ ಕರಿ ಎರಿ. ಮನುಷ್ಯರು ಬರುವ ಮುಂಚಿನದು ಅಂದಳು.

ಹೀಗೆ ಪದರ ನೋಡಿ ಕಾಲ ಹೇಳುವುದಕ್ಕೆ ದೂರದೇಶಕ್ಕೆ ಹೋಗಬೇಕಿಲ್ಲ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದನ್ನೇ ಮಾಡಿ ತೋರಿಸಿದ್ದು.

'ಹಾಗಾದರೆ ಹಗೇವು ಎಷ್ಟು ಹಳೇದು?' ಅಂತ ಕೇಳಿದೆ. ಅದರ ಬಾಯಿ ಯಾವ ಪದರದಿಂದ ಶುರುವಾಗುತ್ತದೆ ನೋಡಬೇಕು ಅಂದಳು. ಗಾರೆ ನೆಲವನ್ನು ಕೊರೆದು ಇಳಿದಿದ್ದರೆ ನೆಲಕ್ಕಿಂತ ಈಚಿನದು. ನೆಲ ಅದರ ಮೇಲೆ ಹಾದುಹೋಗಿದ್ದರೆ ನೆಲಕ್ಕಿಂತ ಹಳೇದು. ಸರಳ ಅಲ್ವಾ? ಆದರೆ ಬಾಯಿ ಎಲ್ಲಿ? ಬಕೆಟ್ ಮೊದಲ ಏಟಿಗೇ ಅದನ್ನು ಕಿತ್ತುಕೊಂಡು ಹೋಗಿತ್ತು. ಉಳಿದದ್ದು ಹೊಟ್ಟೆ ಮಾತ್ರ.

ಆಮೇಲೆ ಅವಳು ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊರಗೆ ಗುಡ್ಡೆ ಹಾಕಿದ್ದ ಬೂದಿಮಣ್ಣಿನಲ್ಲಿ ಎರಡು ಬೊಗಸೆ ತಗೊಂಡು ಚಿಗವ್ವನ ಬಕೆಟ್ಟಿನ ನೀರಿಗೆ ಹಾಕಿ ಮೆಲ್ಲಗೆ ಕಲಕಿದಳು. ಮಣ್ಣು ಕೆಳಗಿಳಿಯಿತು. ಮೇಲೆ ಕರಿ ಕರಿ ಚುಕ್ಕೆ ತೇಲಿ ಬಂದವು. ಸುಟ್ಟ ಕಾಳು ಇದ್ದಿಲಾಗಿರುತ್ತದೆ, ಕೊಳೆಯೋದಿಲ್ಲ, ನೀರಲ್ಲಿ ತೇಲುತ್ತದೆ. ಅದನ್ನು ಬಿಳಿ ಕರ್ಚೀಫಿಗೆ ಸುರಿದು ಬಿಸಿಲಿಗೆ ಹರಡಿದಳು. ಚಿಗವ್ವ ಸೆರಗು ಸಿಕ್ಕಿಸಿಕೊಂಡು ಬಗ್ಗಿ ಕೂತಳು, ನಮಗಿಂತ ಮೊದಲು ಅವಳೇ ಗುರುತಿಸಿದಳು. 'ಇದು ಜ್ವಾಳ. ಇದು ಹುಳ್ಳಿ. ಇದು ನವಣಿ ಇರಬೇಕ ನೋಡು.' ಗೆಳತಿ ಭೂತಗನ್ನಡಿ ಹಿಡಿದು ನೋಡಿ 'ಹೌದು ಅಕ್ಕಾ' ಅಂದಳು. ಕಾಕಾನೂ ಹಿತ್ತಲಿಂದ ಬಂದು ನಿಂತಿದ್ದ.

ಗೋವಿನಜೋಳ ಇದೆಯಾ ಅಂತ ಹುಡುಕಿದಳು. ಅದು ಸಿಕ್ಕಿದ್ದರೆ ಆ ಕಸ ಪೋರ್ಚುಗೀಸರು ಬಂದ ಮೇಲಿನದು ಅಂತ ಖಾತ್ರಿ. ಗೋವಿನಜೋಳ, ಶೇಂಗಾ, ಮೆಣಸಿನಕಾಯಿ ಎಲ್ಲ ಅವರ ಹಡಗಿನ ಕಾಲದಲ್ಲಿ ಅಮೆರಿಕದ ಕಡೆಯಿಂದ ಬಂದವು. (ಅತ್ತಿಮಬ್ಬೆಯ ಕಾಲದ ಲಕ್ಕುಂಡಿಯಲ್ಲಿ ಶೇಂಗಾ ಚಟ್ನಿ ಇಲ್ಲ, ಬ್ಯಾಡಗಿ ಮೆಣಸಿನಕಾಯಿ ಇಲ್ಲ, ಊಟ ಹೇಗೆ ಇಳಿಯುತ್ತಿತ್ತೋ.) ಸಿಗಲಿಲ್ಲ. ಎರಡು ಬೊಗಸೆಯಲ್ಲಿ ಸಿಗಲಿಲ್ಲ ಅಂದರೆ ಏನೂ ಹೇಳಿದ ಹಾಗಲ್ಲ ಅಂತಲೂ ಅಂದಳು. ಕಾಕಾ ಕೇಳಿದ, 'ಇವು ಎಷ್ಟು ವರ್ಷದ್ದಾವು?'

'ಗೊತ್ತಿಲ್ಲ ಕಾಕಾ. ಗುಡ್ಡೆಯಿಂದ ತಗೊಂಡಿದ್ದು. ಯಾವ ಪದರದ್ದು ಅಂತ ಜೆಸಿಬಿಯವನನ್ನೇ ಕೇಳ್ಬೇಕು.'

ಬೈದ ಹಾಗಿರಲಿಲ್ಲ ಅವಳ ದನಿ. ಆದರೂ ಯಾರೂ ಮಾತಾಡಲಿಲ್ಲ. ಕರ್ಚೀಫಿನ ಮೇಲೆ ಮೂವತ್ತು ನಲವತ್ತು ಕಾಳು. ನೂರು ವರ್ಷದ್ದಿರಬಹುದು, ಬಲ್ಲಾಳನ ದಂಡು ಬಂದಾಗ ಯಾರೋ ಒಲೆಯಲ್ಲಿ ಸೀಸಿದ್ದಿರಬಹುದು. ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಯವರೆಗೆ ಆ ಮಣ್ಣು ಉತ್ತರ ಇಟ್ಟುಕೊಂಡಿತ್ತು.

ಶಾಸನ ಓದಿದರೆ ಯಾರು ಯಾವ ಗುಡಿಗೆ ಎಷ್ಟು ಮತ್ತರು ಭೂಮಿ ಬಿಟ್ಟರು ಅಂತ ತಿಳಿಯುತ್ತದೆ. ಬಿಟ್ಟವರ ಮನೆ ಕೆಲಸದವಳು ರಾತ್ರಿ ಏನು ತಿಂದಳು ಅಂತ ತಿಳಿಯೋದು ತಿಪ್ಪೆಯಲ್ಲಿ ಮಾತ್ರ. ನನಗೆ ಇದು ಅವತ್ತಿನವರೆಗೆ ಹೊಳೆದೇ ಇರಲಿಲ್ಲ. ಗುಡಿ, ಮೂರ್ತಿ, ಬಂಗಾರ ಸಿಕ್ಕರೆ ಇತಿಹಾಸ, ಮಿಕ್ಕಿದ್ದು ಮಣ್ಣು ಅಂತಲೇ ತಿಳಿದಿದ್ದೆ.

ಆಮೇಲೆ ಇದರ ಬಗ್ಗೆ ಓದುತ್ತಾ ಹೋದೆ. ಇಂಗ್ಲೆಂಡಿನಲ್ಲಿ ಯಾರ್ಕ್ ಅಂತ ಹಳೇ ಊರಿದೆ. ಅಲ್ಲಿ ಕಾಪರ್‌ಗೇಟ್ ಅನ್ನೋ ಬೀದಿಯಲ್ಲಿ ಅಂಗಡಿ ಸಂಕೀರ್ಣ ಕಟ್ಟುವ ಮೊದಲು 1976ರಿಂದ 1981ರವರೆಗೆ ಐದು ವರ್ಷ ಅಗೆದರು. ವೈಕಿಂಗರ ಕಾಲದ ಮನೆ, ಹಿತ್ತಲು, ಗುಂಡಿ, ಒಟ್ಟು ಸುಮಾರು 40,000 ವಸ್ತು. ಆಮೇಲೆ ಅಂಗಡಿಯೂ ಎದ್ದವು, ಅದರ ಕೆಳಗೇ 1984ರಲ್ಲಿ ಮ್ಯೂಸಿಯಂ ಕೂಡ ಶುರುವಾಯಿತು. ಅದೇ ಊರಲ್ಲಿ 1972ರಲ್ಲಿ ಒಂದು ಬ್ಯಾಂಕ್ ಕಟ್ಟುವ ಜಾಗದಲ್ಲಿ ಸಿಕ್ಕಿದ್ದೇನು ಗೊತ್ತಾ? ವೈಕಿಂಗ್ ಕಾಲದ ಮನುಷ್ಯನ ಮಲ, ಕಲ್ಲಾಗಿ ಹೋದದ್ದು, ಸುಮಾರು ಇಪ್ಪತ್ತು ಸೆಂಟಿಮೀಟರ್ ಉದ್ದ. ಅದನ್ನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟ್ ಹಚ್ಚಿ ತೋರಿಸುತ್ತಾರೆ. ಆ ಮಹಾಶಯ ಏನು ತಿಂದಿದ್ದ, ಹೊಟ್ಟೆಯಲ್ಲಿ ಯಾವ ಹುಳ ಇದ್ದವು, ಎಲ್ಲ ಗೊತ್ತು. ಚಿಗವ್ವನಿಗೆ ಇದನ್ನ ಹೇಳಿದಾಗ ಅವಳು ನಕ್ಕ ನಗು ಮೂರನೇ ಮನೆಗೆ ಕೇಳಿಸಿತು.

ಇಂಗ್ಲೆಂಡಿನಲ್ಲಿ 1990ರಿಂದ ಒಂದು ನೀತಿ ಇದೆ. ಕಟ್ಟುವವನೇ ಉತ್ಖನನದ ಖರ್ಚು ಕೊಡಬೇಕು. ಕೇಳಲು ಚೆನ್ನಾಗಿದೆ. ಹೆದ್ದಾರಿ ಅಗಲ ಮಾಡುವವರಿಗೆ, ಲೇಔಟ್ ಹಾಕುವವರಿಗೆ, ಮಾಲ್ ಕಟ್ಟುವವರಿಗೆ ಅದನ್ನ ಹಚ್ಚಲಿ. ನಮ್ಮ ಕಾಕಾನಂಥವನಿಗೆ ಹಚ್ಚಿದರೆ ಹಗೇವು ಅವತ್ತು ಸಂಜೆಯೇ ಮುಚ್ಚಿಹೋಗುತ್ತದೆ. ಅಷ್ಟಕ್ಕೂ ನಮ್ಮಲ್ಲಿ ಹೀಗೆ ಮಾಡಿದವರೇ ಇಲ್ಲ ಅಂತಲ್ಲ. ಆಂಧ್ರದ ಹಳೇ ಬೌದ್ಧ ನೆಲೆ ನಾಗಾರ್ಜುನಕೊಂಡ ಡ್ಯಾಮಿನ ನೀರಿನಲ್ಲಿ ಮುಳುಗುತ್ತದೆ ಅಂತಾದಾಗ 1954ರಿಂದ 1960ರವರೆಗೆ ಇಡೀ ಕಣಿವೆ ಅಗೆದು, ಮುಖ್ಯವಾದ ಕಟ್ಟಡಗಳನ್ನು ಗುಡ್ಡದ ಮೇಲೆ ಒಯ್ದು ಮತ್ತೆ ಕಟ್ಟಿದರು. ಡ್ಯಾಮಿಗೆ ಮಾಡಿದ್ದನ್ನ ಪಾಯಕ್ಕೆ ಯಾಕೆ ಮಾಡಬಾರದು?

ನನ್ನ ಲೆಕ್ಕ ದೊಡ್ಡದೇನಲ್ಲ. ಇಂಥ ಊರಲ್ಲಿ ಪಾಯ ತೆಗೆಯುವ ದಿನ ಮಣ್ಣಿನ ಪದರ ಓದಬಲ್ಲ ಒಬ್ಬರು ಪಕ್ಕದಲ್ಲಿ ನಿಲ್ಲಲಿ. ಏನಾದರೂ ಬಂದರೆ ಹದಿನೈದು ದಿನ, ಬೇಕಿದ್ದರೆ ಒಂದು ತಿಂಗಳು, ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ. ಅಷ್ಟರಲ್ಲಿ ಅಳತೆ, ಚಿತ್ರ, ಮಣ್ಣು ಎಲ್ಲ ತಗೊಂಡು 'ಇನ್ನು ಕಟ್ಟಿಕೊಳ್ಳಿ' ಅಂತ ಚೀಟಿ ಬರೆದುಕೊಡಲಿ. ಅಷ್ಟು ದಿನದ ಬಾಡಿಗೆ ಸರ್ಕಾರ ಕೊಡಲಿ. ಬಹಳಷ್ಟು ಕಡೆ ಇದ್ದದ್ದನ್ನು ಬರೆದುಕೊಂಡರೆ ಸಾಕು, ಮನೆ ನಿಲ್ಲಿಸಬೇಕಿಲ್ಲ. ಆದರೆ ಇದು ಜನಕ್ಕೆ ಗೊತ್ತಿಲ್ಲ. ಗೊತ್ತಿರೋದು ಹನ್ನೊಂದು ತಿಂಗಳು. ಹೆದರಿದ ಮನುಷ್ಯ ಮುಚ್ಚದೆ ಇನ್ನೇನು ಮಾಡ್ತಾನೆ?

ನಾವೂ ಮುಚ್ಚಿದೆವು. ಭಾನುವಾರ ಸಂಜೆ ಗೆಳತಿ ಗ್ರಾಫ್ ಹಾಳೆಯಲ್ಲಿ ಪದರಗಳ ಚಿತ್ರ ಬರೆದುಕೊಂಡು, ಪಂಚಾಯ್ತಿಗೆ ತಿಳಿಸಿ ಅಂತ ಮತ್ತೊಮ್ಮೆ ಹೇಳಿ ಬಸ್ ಹತ್ತಿದಳು. ಸೋಮವಾರ ಬೆಳಗ್ಗೆ ಏಳಕ್ಕೆ ಎರಡು ಟ್ರ್ಯಾಕ್ಟರ್ ಗರಸು ಬಂತು. ನಾನು ತಡೆಯಲಿಲ್ಲ. ತಡೆಯಬಹುದಿತ್ತಾ? ಗದಗಿನ ಆ ಎರಡು ಕೋಣೆ ಮನೆ ನೋಡಿದ್ದೆ. ಬಾಯಿ ಬರಲಿಲ್ಲ. ಗೆಳತಿ ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ, ಅದು ಸರಿಯೇ.

ಈಗ ಬಂಗಾರ ಸಿಕ್ಕ ಮೇಲೆ ಕೋಟೆ ವೀರಭದ್ರೇಶ್ವರ ಗುಡಿ ಹತ್ತಿರ ಉತ್ಖನನ ನಡೆಯಿತಲ್ಲ, ಅದನ್ನ ನೋಡಲು ಇಡೀ ಊರೇ ಹೋಗಿತ್ತು. ಚಿಗವ್ವನೂ ಹೋಗಿದ್ದಳು. ಬಂಗಾರ ಕಾಣ್ತೇನು ಅಂತ ಕೇಳಿದರೆ ಅವಳು ಹೇಳಿದ್ದೇ ಬೇರೆ: 'ಮಣ್ಣ ಜರಡಿ ಹಿಡೀತಾರ ಅಲ್ಲಿ. ಗಡಿಗಿ ಚೂರು ಬ್ಯಾರೆ, ಎಲುಬು ಬ್ಯಾರೆ ಮಾಡ್ತಾರ. ನಮ್ಮ ಹಗೇವದಾಗಿಂದು ಅಲ್ಲೇ ಕೊಟ್ಟಿದ್ರ ಆಗ್ತಿತ್ತು.' ಕಾಕಾ ಪೇಪರ್ ಓದುತ್ತಿದ್ದವನು ತಲೆ ಎತ್ತಲಿಲ್ಲ. ಊರನ್ನೇ ಎತ್ತಂಗಡಿ ಮಾಡ್ತಾರಂತೆ ಅಂತ ಕಟ್ಟೆ ಮೇಲೆ ಮಾತು ಹಬ್ಬಿದಾಗಿನಿಂದ ಅವನಿಗೆ ಹಳೇ ಹೆದರಿಕೆ ಮತ್ತೆ ಬಂದಿದೆ.

ಮೊನ್ನೆ ಹೋದಾಗ ಅಡುಗೆಮನೆಯ ಮೂಲೆಯಲ್ಲಿ, ಗ್ಯಾಸ್ ಸಿಲಿಂಡರ್ ಇಡುವ ಕಡೆ, ನಾಲ್ಕು ಟೈಲ್ಸ್ ಒಂದು ಬೆರಳಷ್ಟು ಕುಸಿದಿದ್ದವು. ಕಾಲಿಟ್ಟರೆ ಟಕ್ ಟಕ್ ಅಂತ ಪೊಳ್ಳು ಸದ್ದು. ಗರಸು ಸರಿಯಾಗಿ ಬಡಿದಿಲ್ಲ, ಕೆಳಗೆ ಹಗೇವಿನ ಹೊಟ್ಟೆಯಲ್ಲಿ ಇಳಿಯುತ್ತಿದೆ. ಮಳೆಗಾಲಕ್ಕೆ ಮುಂಚೆ ಕಿತ್ತು ಮತ್ತೆ ತುಂಬಿಸಬೇಕು ಅಂದ ಕಾಕಾ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಿಕೆ ಕತ್ತರಿಸುತ್ತಾ, ನನ್ನ ಕಡೆ ನೋಡದೆ ಕೇಳಿದ. 'ಆ ನಿನ್ನ ಗೆಳತಿ ಇನ್ನೂ ಧಾರವಾಡದಾಗ ಅದಾಳೇನು?'

ಫೋನ್ ಮಾಡಿದ್ದೇನೆ. ಈ ಸಲ ಮೊದಲು ಪಂಚಾಯ್ತಿಗೆ ಕಾಗದ ಕೊಡಿ, ಅದರ ಪ್ರತಿ ತೋರಿಸಿದರೆ ಮಾತ್ರ ಬರ್ತೀನಿ ಅಂದಿದ್ದಾಳೆ. ಕಾಕಾ ಕಾಗದ ಬರೆಸಿ ಇಟ್ಟಿದ್ದಾನೆ, ಸಹಿ ಇನ್ನೂ ಮಾಡಿಲ್ಲ.